ಕ್ಯೂ ಜ್ವರ: ಕೊಟ್ಟಿಗೆಯ ಧೂಳಿನ ಒಂದು ಚರಿತ್ರೆ

ಹಾಲೆಂಡ್ ದೇಶವನ್ನು ಕುರಿತು ಸಮಾಜ ವಿಜ್ಞಾನದ ತರಗತಿಗಳಲ್ಲಿ ನಾನು ಎಷ್ಟು ಬಾರಿ ಪಾಠ ಮಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಸಮುದ್ರವನ್ನು ಹಿಮ್ಮೆಟ್ಟಿಸಿ ನೆಲವನ್ನು ಗಳಿಸಿದ ಜನ, ಗಾಳಿಯಂತ್ರಗಳು, ಟ್ಯೂಲಿಪ್ ಹೂವಿನ ತೋಟಗಳು, ಹೈನುಗಾರಿಕೆ: ಪಠ್ಯಪುಸ್ತಕ ಹೇಳುತ್ತಿದ್ದುದು ಹೆಚ್ಚುಕಡಿಮೆ ಇಷ್ಟೇ. ಆ ಪಾಠಕ್ಕೆ ಸೇರಬೇಕಾದ ಇನ್ನೊಂದು ಅಧ್ಯಾಯವಿದೆ. 2007ರಿಂದ 2010ರವರೆಗೆ ಆ ದೇಶದ ದಕ್ಷಿಣ ಭಾಗದಲ್ಲಿ ಆಡಿನ ಕೊಟ್ಟಿಗೆಗಳಿಂದ ಎದ್ದ ಧೂಳು ಸಾವಿರಾರು ಜನರನ್ನು ಹಾಸಿಗೆ ಹಿಡಿಸಿತು. ಆ ಕಾಯಿಲೆಯ ಹೆಸರು ಕ್ಯೂ ಜ್ವರ. ಈವರೆಗೆ ದಾಖಲಾಗಿರುವ ಕ್ಯೂ ಜ್ವರದ ಹಾವಳಿಗಳಲ್ಲೆಲ್ಲ ಅತಿ ದೊಡ್ಡದು ಅದೇ.

ಈ ವಿಷಯದತ್ತ ನನ್ನ ಗಮನ ಹರಿದದ್ದು ನಮ್ಮ ಶಾಲೆಯಲ್ಲಿ ಓದಿ, ಈಗ ಅಲ್ಲಿನ ಐಂಡ್‌ಹೋವನ್ ನಗರದಲ್ಲಿ ಎಂಜಿನಿಯರ್ ಆಗಿರುವ ಶಿಷ್ಯೆಯೊಬ್ಬಳಿಂದ. ನಮ್ಮ ನಾಡಿನ ಅನೇಕ ಮಕ್ಕಳು ಇಂದು ಆ ನಗರದಲ್ಲಿ ಉದ್ಯೋಗದಲ್ಲಿದ್ದಾರೆ. ಊರ ಹೊರಗೆ ಮನೆ ಹುಡುಕುತ್ತಿದ್ದಾಗ ಅಲ್ಲಿಯ ಹಿರಿಯರೊಬ್ಬರು "ಹತ್ತಿರದಲ್ಲಿ ಆಡಿನ ಫಾರಂ ಇದೆಯೇ ಎಂದು ಮೊದಲು ನೋಡಿಕೊಳ್ಳಿ" ಎಂದರಂತೆ. "ಆಡಿಗೂ ಮನೆಗೂ ಏನು ಸಂಬಂಧ ಮೇಷ್ಟ್ರೇ? ನಮ್ಮ ಅಜ್ಜಿ ಮನೆಯ ಜಗಲಿಯಲ್ಲೇ ಆಡು ಕಟ್ಟುತ್ತಿದ್ದರು" ಎಂದು ಅವಳು ದೂರವಾಣಿಯಲ್ಲಿ ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಕೈಗೆ ಬಂದದ್ದು ಒಂದು ರೋಗದ ಕಥೆಯಷ್ಟೇ ಅಲ್ಲ. ತಿಳಿವಳಿಕೆ ಯಾರಿಗೆ ಸೇರಿದ್ದು, ಅದು ಯಾರನ್ನು ಯಾವಾಗ ತಲುಪಬೇಕು ಎಂಬ ಹಳೆಯ ಪ್ರಶ್ನೆಯ ಕಥೆಯೂ ಅದಾಗಿತ್ತು. ಅದನ್ನು ನನ್ನ ಶಿಷ್ಯವರ್ಗಕ್ಕೂ ಬಂಧುಗಳಿಗೂ ಇಲ್ಲಿ ಕ್ರಮವಾಗಿ ಹೇಳಬಯಸುತ್ತೇನೆ.

ಕಥೆಯ ಆರಂಭ ಹಾಲೆಂಡಿನಲ್ಲಿಲ್ಲ, ಆಸ್ಟ್ರೇಲಿಯಾದಲ್ಲಿದೆ. 1935ರಲ್ಲಿ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಬ್ರಿಸ್ಬೇನ್ ನಗರದ ಕಸಾಯಿಖಾನೆಯ ಕೆಲಸಗಾರರಲ್ಲಿ ವಿಚಿತ್ರ ಜ್ವರವೊಂದು ಕಾಣಿಸಿಕೊಂಡಿತು. ವಿಪರೀತ ತಲೆನೋವು, ಚಳಿ, ವಾರಗಟ್ಟಲೆ ಇಳಿಯದ ಜ್ವರ. ವಿಷಮಶೀತ ಜ್ವರವೂ ಅಲ್ಲ, ಆಗ ತಿಳಿದಿದ್ದ ಬೇರಾವುದೂ ಅಲ್ಲ. ಇದನ್ನು ಪರಿಶೀಲಿಸುವ ಹೊಣೆ ಎಡ್ವರ್ಡ್ ಹಾಲ್‌ಬ್ರೂಕ್ ಡೆರಿಕ್ ಎಂಬ ವೈದ್ಯರಿಗೆ ಬಂತು. ಅವರು ಆ ಪ್ರಾಂತ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದ ಮುಖ್ಯಸ್ಥರು. ರೋಗಿಗಳ ರಕ್ತವನ್ನು ಗಿನಿಯಿಲಿಗಳಿಗೆ ಚುಚ್ಚಿದರೆ ಅವಕ್ಕೂ ಜ್ವರ ಬರುತ್ತಿತ್ತು. ಅಂದರೆ ರಕ್ತದಲ್ಲಿ ಯಾವುದೋ ಸೋಂಕಿದೆ. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನೂ ಕಾಣದು, ತಟ್ಟೆಯಲ್ಲಿ ಬೆಳೆಸಲು ಹೋದರೆ ಏನೂ ಬೆಳೆಯದು.

ಕಾರಣ ತಿಳಿಯದ ಜ್ವರಕ್ಕೆ ಏನೆಂದು ಹೆಸರಿಡುವುದು? ಕಸಾಯಿಖಾನೆಯ ಜ್ವರ ಎನ್ನಬಹುದಿತ್ತು. ಆದರೆ ಅದರಿಂದ ಮಾಂಸದ ಉದ್ಯಮಕ್ಕೆ ಕೆಟ್ಟ ಹೆಸರು. ಕ್ವೀನ್ಸ್‌ಲ್ಯಾಂಡ್ ಜ್ವರ ಎಂದರೆ ಪ್ರಾಂತ್ಯಕ್ಕೇ ಕಳಂಕ. ಡೆರಿಕ್ ಅವರು 1937ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದನ್ನು ಕ್ಯೂ ಜ್ವರ ಎಂದು ಕರೆದರು. ಕ್ವೆರಿ, ಅಂದರೆ ಪ್ರಶ್ನೆ ಎಂಬ ಆಂಗ್ಲ ಪದದ ಮೊದಲ ಅಕ್ಷರ ಅದು. ಉತ್ತರ ದೊರೆಯುವವರೆಗೆ ಇರಲೆಂದು ಇಟ್ಟ ಈ ತಾತ್ಕಾಲಿಕ ಹೆಸರೇ ಶಾಶ್ವತವಾಯಿತು. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿಗೆ ಇಂತಹ ರಿಯಾಯಿತಿ ಸಿಗಲಿಲ್ಲ. 1957ರಲ್ಲಿ ಅಲ್ಲಿ ಪತ್ತೆಯಾದ ಕಾಯಿಲೆಗೆ ಕಾಡಿನ ಹೆಸರೇ ಅಂಟಿಕೊಂಡು, ಇಂದಿಗೂ ಪ್ರಪಂಚದ ವೈದ್ಯಗ್ರಂಥಗಳಲ್ಲಿ ಹಾಗೆಯೇ ಉಳಿದಿದೆ. ರೋಗಕ್ಕೆ ಹೆಸರಿಡುವಾಗಲೂ ಯಾರಿಗೆ ನಷ್ಟವಾದೀತು ಎಂಬ ಲೆಕ್ಕಾಚಾರ ನಡೆಯುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಈ ಲೆಕ್ಕಾಚಾರ ಮುಂದೆ ಮತ್ತೊಮ್ಮೆ ಎದುರಾಗುತ್ತದೆ.

ಡೆರಿಕ್ ಅವರು ಸೋಂಕಿನ ಮಾದರಿಗಳನ್ನು ಮೆಲ್ಬರ್ನ್ ನಗರದಲ್ಲಿದ್ದ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರಿಗೆ ಕಳುಹಿಸಿದರು. ಮುಂದೆ 1960ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಇವರೇ. ಬರ್ನೆಟ್ ಮತ್ತು ಅವರ ಸಹೋದ್ಯೋಗಿ ಮೇವಿಸ್ ಫ್ರೀಮನ್ ಅವರು, ಜೀವಕೋಶಗಳ ಒಳಗೆ ಮಾತ್ರ ಬೆಳೆಯುವ ಅತಿಸೂಕ್ಷ್ಮ ಜೀವಿಯೊಂದನ್ನು ಗುರುತಿಸಿದರು. ವಿಚಿತ್ರವೆಂದರೆ, ಅದೇ ಕಾಲಕ್ಕೆ ಭೂಮಿಯ ಇನ್ನೊಂದು ಬದಿಯಲ್ಲಿ, ಅಮೆರಿಕದ ಮೊಂಟಾನಾ ರಾಜ್ಯದ ಪ್ರಯೋಗಾಲಯದಲ್ಲಿ ಗಾರ್ಡನ್ ಡೇವಿಸ್ ಮತ್ತು ಹೆರಾಲ್ಡ್ ಕಾಕ್ಸ್ ಎಂಬವರು ಕಾಡಿನ ಉಣುಗುಗಳಲ್ಲಿ ಇದೇ ಜೀವಿಯನ್ನು ಕಂಡಿದ್ದರು. 1938ರಲ್ಲಿ ಆ ಪ್ರಯೋಗಾಲಯಕ್ಕೆ ಭೇಟಿಯಿತ್ತ ಹಿರಿಯ ವಿಜ್ಞಾನಿ ರೋಲಾ ಡೈಯರ್ ಸ್ವತಃ ಜ್ವರಕ್ಕೆ ತುತ್ತಾದಾಗ, ಎರಡೂ ಕಡೆಯದು ಒಂದೇ ರೋಗವೆಂಬುದು ಖಚಿತವಾಯಿತು. ಕಾಕ್ಸ್ ಮತ್ತು ಬರ್ನೆಟ್ ಇಬ್ಬರ ಹೆಸರನ್ನೂ ಸೇರಿಸಿ ಆ ಜೀವಿಗೆ ಕಾಕ್ಸಿಯೆಲ್ಲಾ ಬರ್ನೆಟಿ ಎಂದು ನಾಮಕರಣವಾಯಿತು.

ಇನ್ನು ಉಳಿದದ್ದು ದೊಡ್ಡ ಪ್ರಶ್ನೆ: ಇದು ಮನುಷ್ಯನನ್ನು ಸೇರುವುದು ಹೇಗೆ? ಮೊದಲಿಗೆ ಉಣುಗು ಕಚ್ಚುವುದರಿಂದ ಎಂದು ಭಾವಿಸಲಾಗಿತ್ತು. 1940ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕಟ್ಟಡವೊಂದರಲ್ಲಿ ಹದಿನೈದು ಮಂದಿ ಕಾಯಿಲೆ ಬಿದ್ದು, ಒಬ್ಬರು ಮರಣ ಹೊಂದಿದರು. ಅವರಲ್ಲಿ ಹಲವರು ಆ ಸೂಕ್ಷ್ಮಾಣುವನ್ನು ಮುಟ್ಟಿದವರೇ ಅಲ್ಲ. ಅದೇ ಕಟ್ಟಡದಲ್ಲಿ ಓಡಾಡಿಕೊಂಡಿದ್ದುದೇ ಅವರು ಮಾಡಿದ್ದ ಕೆಲಸ. ಕಚ್ಚುವ ಉಣುಗು ಅಲ್ಲಿರಲಿಲ್ಲ. ಇದ್ದುದು ಉಸಿರಾಡುವ ಗಾಳಿ ಮಾತ್ರ.

ಇಲ್ಲಿ ಒಂದು ಕ್ಷಣ ನಿಂತು, ಗಾಳಿಯಲ್ಲಿರುವ ಧೂಳಿನ ಬಗ್ಗೆ ಮನುಷ್ಯನ ತಿಳಿವಳಿಕೆ ಬೆಳೆದ ಬಗೆಯನ್ನು ಹೇಳಬೇಕು. 1700ರಲ್ಲಿ ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಜ್ಜಿನಿ ಕಸುಬುದಾರರ ಕಾಯಿಲೆಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಧಾನ್ಯವನ್ನು ಜರಡಿ ಹಿಡಿಯುವವರೂ ಅಳೆಯುವವರೂ ಆ ಧೂಳಿನಿಂದ ಎಷ್ಟು ಬಳಲುತ್ತಾರೆಂಬುದು ಅದರಲ್ಲಿದೆ. ನಮ್ಮ ಕಣದಲ್ಲಿ ರಾಗಿ ತೂರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1860ರ ಆಸುಪಾಸಿನಲ್ಲಿ ಲೂಯಿ ಪಾಶ್ಚರ್ ಅವರು ಹಂಸದ ಕೊರಳಿನಂತೆ ಬಾಗಿದ ಕೊಳವೆಯುಳ್ಳ ಗಾಜಿನ ಬುರುಡೆಯಲ್ಲಿ ಸಾರನ್ನು ಕುದಿಸಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಮಾತ್ರ ಬಾಗಿದ ಕೊರಳಿನಲ್ಲಿ ಸಿಕ್ಕಿಬೀಳುತ್ತಿತ್ತು. ಸಾರು ಕೆಡಲಿಲ್ಲ. ಧೂಳಿನ ಕಣವೇ ಸೂಕ್ಷ್ಮಜೀವಿಯ ವಾಹನವೆಂಬುದು ಹೀಗೆ ತಿಳಿಯಿತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಆ ಬುರುಡೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಕ್ಯೂ ಜ್ವರದ ಸೂಕ್ಷ್ಮಾಣುವಿಗೆ ಧೂಳಿನ ಸವಾರಿ ವಿಶೇಷವಾಗಿ ಒಗ್ಗುತ್ತದೆ. ಬಹುಪಾಲು ಸೂಕ್ಷ್ಮಾಣುಗಳು ಒಣಗಿದರೆ ಸಾಯುತ್ತವೆ. ಇದು ಬಿಗಿಯಾದ ಪುಟ್ಟ ರೂಪವೊಂದನ್ನು ತಾಳಿ, ಬಿಸಿಲು ಒಣಹವೆಗಳನ್ನು ತಾಳಿಕೊಂಡು ತಿಂಗಳುಗಟ್ಟಲೆ ಮಣ್ಣಿನಲ್ಲಿಯೂ ಗೊಬ್ಬರದಲ್ಲಿಯೂ ಉಳಿಯಬಲ್ಲದು. ಆಡು, ಕುರಿ, ದನಗಳ ದೇಹದಲ್ಲಿ ಇದ್ದರೂ ಅವು ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತವೆ. ಗಬ್ಬದ ಪ್ರಾಣಿಯಲ್ಲಿ ಮಾತ್ರ ಇದು ಮಾಸಿನೊಳಗೆ ವಿಪರೀತವಾಗಿ ವೃದ್ಧಿಯಾಗುತ್ತದೆ. ಆಗ ಆಡುಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ. ಸೋಂಕಿದ ಮಾಸಿನ ಒಂದೇ ಒಂದು ಗ್ರಾಮಿನಲ್ಲಿ ನೂರು ಕೋಟಿಯಷ್ಟು ಸೂಕ್ಷ್ಮಾಣುಗಳು ಇರಬಲ್ಲವು. ಈ ಮಾಸು, ನೀರು, ರಕ್ತ ಎಲ್ಲವೂ ನೆಲದ ಹುಲ್ಲಿನ ಹಾಸಿನಲ್ಲಿ, ಹಿಕ್ಕೆಯಲ್ಲಿ ಬೆರೆತು ಒಣಗುತ್ತವೆ. ಪ್ರಾಣಿಗಳ ಗೊರಸಿಗೆ ಸಿಕ್ಕಿ ಪುಡಿಯಾಗುತ್ತವೆ. ಗಾಳಿ ಬೀಸಿದಾಗ ಹೊರಡುತ್ತವೆ. ಬೆರಳೆಣಿಕೆಯಷ್ಟು ಸೂಕ್ಷ್ಮಾಣುಗಳು ಶ್ವಾಸಕೋಶವನ್ನು ಸೇರಿದರೂ ಕಾಯಿಲೆ ಬರಲು ಸಾಕು.

ಇದು ಊಹೆಯ ಮಾತಲ್ಲ. 1950ರಲ್ಲಿಯೇ ಕ್ಯಾಲಿಫೋರ್ನಿಯಾದ ಸಂಶೋಧಕರು, ಸೋಂಕಿದ ಮಂದೆಗಳಿದ್ದ ಜಾಗದ ಗಾಳಿಯ ಧೂಳನ್ನು ಹಿಡಿದು, ಅದರಿಂದ ಜೀವಂತ ಸೂಕ್ಷ್ಮಾಣುವನ್ನು ಬೇರ್ಪಡಿಸಿ ತೋರಿಸಿದರು. 1955ರಲ್ಲಿ ಅಮೆರಿಕದ ಸೇನೆ ಇದನ್ನು ಯುದ್ಧದ ಅಸ್ತ್ರವಾಗಿ ಬಳಸಬಹುದೇ ಎಂದು ಪರೀಕ್ಷಿಸಿತು. ಯೂಟಾ ರಾಜ್ಯದ ಮರುಭೂಮಿಯಲ್ಲಿ ಸ್ವಯಂಸೇವಕರನ್ನು ಬಯಲಿನಲ್ಲಿ ಕೂರಿಸಿ, ಸುಮಾರು ಮೂರು ಸಾವಿರ ಅಡಿ ದೂರದಿಂದ ಸೂಕ್ಷ್ಮಾಣುವಿನ ತುಂತುರನ್ನು ಗಾಳಿಗೆ ಬಿಡಲಾಯಿತು. ಅವರಲ್ಲಿ ಕೆಲವರಿಗೆ ಜ್ವರ ಬಂತು, ಔಷಧದಿಂದ ಗುಣವೂ ಆಯಿತು. ಹೀಗೆ, ಗಾಳಿಯ ಮೂಲಕ ಇದು ದೂರ ಪಯಣಿಸಬಲ್ಲದೆಂಬುದು ನಮ್ಮ ಮೈಸೂರು ರಾಜ್ಯದ ಏಕೀಕರಣವಾಗುವುದಕ್ಕೂ ಮುಂಚೆಯೇ ಬಲ್ಲವರಿಗೆ ಗೊತ್ತಿತ್ತು.

ಪ್ರಯೋಗ ಬೇಡವೆಂದರೆ ನಿಸರ್ಗವೇ ಪಾಠ ಹೇಳಿತು. 1983ರ ಶರತ್ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬಾನ್ಯ ಕಣಿವೆಯ ಊರುಗಳ ನಡುವೆ ಕುರಿಮಂದೆಗಳು ಬೆಟ್ಟದ ಹುಲ್ಲುಗಾವಲಿನಿಂದ ಕೆಳಗಿಳಿದು ಬಂದವು. ಕೆಲವು ವಾರಗಳಲ್ಲಿ ಆ ದಾರಿಯುದ್ದಕ್ಕೂ ಜ್ವರ ಹರಡಿತು. ಪರೀಕ್ಷೆಯಿಂದ ದೃಢಪಟ್ಟವರು 415 ಮಂದಿ. 1989ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 147 ಜನರಿಗೆ ಕಾಯಿಲೆ ಬಂದಾಗ, ನಗರದ ದಕ್ಷಿಣದ ಹೊಲಗಳ ಕಡೆಯಿಂದ ಬೀಸಿದ್ದ ಬಿರುಗಾಳಿಯೇ ಅದನ್ನು ತಂದಿತೆಂದು ತನಿಖೆ ನಡೆಸಿದವರು ನಿರ್ಧರಿಸಿದರು. 2003ರಲ್ಲಿ ಜರ್ಮನಿಯ ಸೋಸ್ಟ್ ಪ್ರದೇಶದ ರೈತರ ಸಂತೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಕುರಿಯೊಂದು ಅಲ್ಲಿಯೇ ಈಯಿತು. ಸಂತೆಗೆ ಬಂದವರಲ್ಲಿ 299 ಮಂದಿಗೆ ರೋಗ ತಗುಲಿತು. ಒಂದೇ ಒಂದು ಕುರಿ, ಒಂದು ಪ್ರಸವ.

ಇಷ್ಟೆಲ್ಲ ತಿಳಿದಿದ್ದ ಯುರೋಪಿನ ನಡುವೆಯೇ, ಜರ್ಮನಿಯ ನೆರೆಯ ಹಾಲೆಂಡಿನಲ್ಲಿ ಮುಂದಿನ ಅನಾಹುತ ಸಿದ್ಧವಾಗುತ್ತಿತ್ತು. ಅದರ ಬೇರು ಇರುವುದು ಅರ್ಥಶಾಸ್ತ್ರದಲ್ಲಿ. 1984ರಲ್ಲಿ ಯುರೋಪಿನ ಸಮುದಾಯವು ಹಸುವಿನ ಹಾಲಿನ ಉತ್ಪಾದನೆಗೆ ಮಿತಿ ಹಾಕಿತು. ಹಾಲು ಹೆಚ್ಚಾಗಿ ಬೆಣ್ಣೆಯ ಗುಡ್ಡಗಳು ಬೆಳೆದಿದ್ದವು, ಬೆಲೆ ಕುಸಿಯಬಾರದೆಂಬ ಉದ್ದೇಶ. ಮಿತಿ ಇದ್ದುದು ಹಸುವಿನ ಹಾಲಿಗೆ, ಆಡಿನ ಹಾಲಿಗಲ್ಲ. ಆಡಿನ ಹಾಲಿನ ಗಿಣ್ಣಿಗೆ ಒಳ್ಳೆಯ ಮಾರುಕಟ್ಟೆ ಇತ್ತು. 1997ರಲ್ಲಿ ಹಂದಿಜ್ವರದ ಹಾವಳಿಯಿಂದ ನಷ್ಟ ಹೊಂದಿದ ಕೆಲವು ರೈತರೂ ಆಡಿನ ಕಡೆ ತಿರುಗಿದರು. 1980ರ ದಶಕದ ಆರಂಭದಲ್ಲಿ ಕೆಲವು ಸಾವಿರಗಳಷ್ಟಿದ್ದ ಆಡುಗಳ ಸಂಖ್ಯೆ 2009ರ ಹೊತ್ತಿಗೆ ಮೂರೂವರೆ ಲಕ್ಷವನ್ನು ದಾಟಿತ್ತು. ಅವುಗಳಲ್ಲಿ ಬಹಳಷ್ಟು ಇದ್ದುದು ನೋರ್ಡ್ ಬ್ರಬಾಂಟ್ ಪ್ರಾಂತ್ಯದಲ್ಲಿ. ಅದು ಹಳ್ಳಿ, ಪಟ್ಟಣ, ಫಾರಂಗಳು ಒಂದಕ್ಕೊಂದು ಅಂಟಿಕೊಂಡಿರುವ ಜನನಿಬಿಡ ಪ್ರದೇಶ.

ನಮ್ಮ ಅಜ್ಜಿಯರು ಜಗಲಿಯಲ್ಲಿ ಕಟ್ಟುತ್ತಿದ್ದ ಎರಡು ಮೂರು ಆಡುಗಳಿಗೂ ಈ ವ್ಯವಸ್ಥೆಗೂ ಬಹಳ ವ್ಯತ್ಯಾಸವಿದೆ. ಒಂದೇ ಸೂರಿನಡಿ ನೂರಾರು, ಸಾವಿರಾರು ಆಡುಗಳು. ನೆಲಕ್ಕೆ ಹುಲ್ಲಿನ ದಪ್ಪ ಹಾಸು, ಅದರ ಮೇಲೆ ಮತ್ತೆ ಮತ್ತೆ ಹೊಸ ಹುಲ್ಲು. ಆ ಗೊಬ್ಬರವನ್ನು ತೆಗೆಯುವುದು ವರ್ಷಕ್ಕೆ ಕೆಲವೇ ಸಲ. ಗಾಳಿಯಾಡಲೆಂದು ಕೊಟ್ಟಿಗೆಯ ಪಕ್ಕಗಳು ತೆರೆದಿರುತ್ತವೆ. ಎಲ್ಲ ಆಡುಗಳೂ ಚಳಿಗಾಲದ ಕೊನೆಯಿಂದ ವಸಂತದವರೆಗೆ ಹೆಚ್ಚುಕಡಿಮೆ ಒಟ್ಟಿಗೆ ಈಯುತ್ತವೆ. ಒಂದು ಮಂದೆಗೆ ಸೋಂಕು ತಗುಲಿದರೆ ಕೆಲವು ವಾರಗಳಲ್ಲಿ ನೂರಾರು ಆಡುಗಳು ಕಂದು ಹಾಕಬಹುದು. 2005ರಿಂದ ಅಲ್ಲಿನ ಫಾರಂಗಳಲ್ಲಿ ಆದದ್ದು ಅದೇ. 2009ರವರೆಗಿನ ಅವಧಿಯಲ್ಲಿ 28 ಆಡಿನ ಫಾರಂಗಳಲ್ಲಿಯೂ 2 ಕುರಿಯ ಫಾರಂಗಳಲ್ಲಿಯೂ ಇಂತಹ ಗರ್ಭಪಾತದ ಹಾವಳಿ ದಾಖಲಾಯಿತು.

2007ರ ಏಪ್ರಿಲ್ ತಿಂಗಳು ಹಾಲೆಂಡಿನಲ್ಲಿ ಅಸಾಧಾರಣವಾಗಿ ಬೆಚ್ಚಗಿತ್ತು, ಮಳೆಯೇ ಇಲ್ಲವೆನ್ನುವಷ್ಟು ಒಣಗಿತ್ತು. ಮೇ ತಿಂಗಳ ಕೊನೆಗೆ ಹೆರ್ಪೆನ್ ಎಂಬ ಹಳ್ಳಿಯ ವೈದ್ಯರು, ತಮ್ಮ ಬಳಿಗೆ ಬರುವವರಲ್ಲಿ ನ್ಯುಮೋನಿಯಾ ಎಂದಿಗಿಂತ ಹೆಚ್ಚಾಗಿರುವುದನ್ನು ಗಮನಿಸಿ ಸ್ಥಳೀಯ ಆರೋಗ್ಯ ಸೇವೆಗೆ ತಿಳಿಸಿದರು. ಗಟ್ಟಿಮುಟ್ಟಾದ ನಡುವಯಸ್ಸಿನವರೂ ಬಳಲಿ ಬರುತ್ತಿದ್ದರು. ಮೊದಲು ಬೇರೆ ಸೂಕ್ಷ್ಮಾಣುವಿನ ಮೇಲೆ ಸಂಶಯ ಬಂದು, ಕೊನೆಗೆ ಅದು ಕ್ಯೂ ಜ್ವರವೆಂದು ತಿಳಿಯಿತು. ಇಡೀ ದೇಶದಲ್ಲಿ ವರ್ಷಕ್ಕೆ ಇಪ್ಪತ್ತು ಪ್ರಕರಣಗಳೂ ವರದಿಯಾಗದಿದ್ದ ಕಾಯಿಲೆ ಅದು. 2007ರಲ್ಲಿ 168 ಪ್ರಕರಣಗಳಾದವು. 2008ರಲ್ಲಿ ಸಾವಿರ. 2009ರಲ್ಲಿ 2,354. ಹಾವಳಿಯ ವರ್ಷಗಳಲ್ಲಿ ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಲೆಕ್ಕಕ್ಕೆ ಸಿಕ್ಕಿದರು. ಸೋಂಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ನಿಜವಾಗಿ ಸೋಂಕು ತಗುಲಿದವರು ನಲವತ್ತು ಸಾವಿರಕ್ಕಿಂತ ಹೆಚ್ಚೆಂದು ಅಂದಾಜು. 2014ರಲ್ಲಿ ಹೆರ್ಪೆನ್ ಗ್ರಾಮದ ವಯಸ್ಕರ ರಕ್ತವನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗೆ ಆ ಸೋಂಕು ತಗುಲಿದ್ದ ಗುರುತು ಕಂಡಿತು.

ಧೂಳು ಎಷ್ಟು ದೂರ ಹೋಯಿತೆಂಬುದನ್ನೂ ಅಲ್ಲಿನ ಸಂಶೋಧಕರು ನಕ್ಷೆಯ ಮೇಲೆ ಅಳೆದರು. 2008ರಲ್ಲಿ ಒಂದು ಪಟ್ಟಣದಲ್ಲಿ ರೋಗಿಗಳ ಮನೆಗಳನ್ನು ಗುರುತಿಸಿ, ಸುತ್ತಲಿನ ಫಾರಂಗಳ ದೂರವನ್ನು ಲೆಕ್ಕ ಹಾಕಿದಾಗ ಒಂದು ಆಡಿನ ಫಾರಂ ಎದ್ದು ಕಂಡಿತು. ಅದರಿಂದ ಎರಡು ಕಿಲೋಮೀಟರಿನೊಳಗೆ ವಾಸಿಸುವವರಿಗೆ ರೋಗ ಬರುವ ಸಂಭವ, ಐದು ಕಿಲೋಮೀಟರಿಗಿಂತ ಆಚೆ ಇರುವವರಿಗಿಂತ ಸುಮಾರು ಮೂವತ್ತೊಂದು ಪಟ್ಟು ಹೆಚ್ಚಾಗಿತ್ತು. ರೋಗಿಗಳಲ್ಲಿ ಬಹುಪಾಲು ಜನ ಆಡನ್ನು ಸಾಕಿದವರಲ್ಲ, ಮುಟ್ಟಿದವರೂ ಅಲ್ಲ. ಕಿಟಕಿ ತೆರೆದು ಮಲಗಿದ್ದರು, ಸೈಕಲ್ ತುಳಿದುಕೊಂಡು ಹೋಗಿದ್ದರು, ಅಷ್ಟೆ.

ಈಗ ಹಿಂದೆ ಹೇಳಿದ ಲೆಕ್ಕಾಚಾರಕ್ಕೆ ಬರುತ್ತೇನೆ. ಯಾವ ಫಾರಂಗಳಲ್ಲಿ ಸೋಂಕಿದೆ ಎಂಬ ಮಾಹಿತಿ ಪಶುವೈದ್ಯರ ಹಾಗೂ ಕೃಷಿ ಸಚಿವಾಲಯದ ಕಡೆಯಲ್ಲಿತ್ತು. ಯಾವ ಊರಿನಲ್ಲಿ ರೋಗಿಗಳಿದ್ದಾರೆಂಬ ಮಾಹಿತಿ ಆರೋಗ್ಯ ಸೇವೆಯ ಕಡೆಯಲ್ಲಿತ್ತು. ರೈತರ ಖಾಸಗಿತನವನ್ನು ಕಾಪಾಡಬೇಕೆಂಬ ಕಾರಣಕ್ಕೆ ಫಾರಂಗಳ ವಿಳಾಸಗಳು ಸಾರ್ವಜನಿಕರಿಗೆ ತಿಳಿಯಲಿಲ್ಲ. ಊರಿನ ವೈದ್ಯರಿಗೂ ತಿಳಿಯಲಿಲ್ಲ. ಆಡುಗಳಲ್ಲಿ ಈ ರೋಗ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ ಬಂದದ್ದೇ 2008ರ ಜೂನ್ ತಿಂಗಳಲ್ಲಿ. ಕಡ್ಡಾಯ ಲಸಿಕೆ 2009ರಲ್ಲಿ. ಫಾರಂಗಳ ವಿಳಾಸಗಳು ಬಹಿರಂಗವಾದದ್ದು 2009ರ ಡಿಸೆಂಬರ್ ತಿಂಗಳಲ್ಲಿ, ಅಂದರೆ ಮೂರು ವಸಂತಗಳು ಕಳೆದ ಮೇಲೆ. ಆ ಮೂರು ವರ್ಷಗಳಲ್ಲಿ ಹೃದಯದ ಕವಾಟದ ತೊಂದರೆಯಿದ್ದವರು, ಗರ್ಭಿಣಿಯರು, ರಕ್ತನಾಳದ ಕಾಯಿಲೆಯಿದ್ದವರು ತಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯದೆಯೇ ಉಸಿರಾಡಿದರು. ಈ ಸೋಂಕು ಅತಿ ಹೆಚ್ಚು ಅಪಾಯ ತರುವುದು ಅವರಿಗೇ.

ವಿಜ್ಞಾನಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1950ರ ಧೂಳಿನ ಪರೀಕ್ಷೆ, ಬರ್ಮಿಂಗ್‌ಹ್ಯಾಮಿನ ಬಿರುಗಾಳಿ, ಗಡಿಯಾಚೆಯ ಸೋಸ್ಟ್ ಸಂತೆ ಎಲ್ಲವೂ ಅಚ್ಚಾಗಿದ್ದ ಸಂಗತಿಗಳು. ಹಾಗೆಂದು ಒಬ್ಬರನ್ನು ಖಳನಾಯಕನನ್ನಾಗಿ ಮಾಡುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆಡು ಸಾಕಿದವರು ಕಳ್ಳರಲ್ಲ. ಸರ್ಕಾರದ ನೀತಿಯೇ ತೋರಿದ ದಾರಿಯಲ್ಲಿ ಸಾಲ ಮಾಡಿ ಬದುಕು ಕಟ್ಟಿಕೊಂಡವರು ಅವರು. ಹೆಸರು ಬಯಲಾದರೆ ಮಕ್ಕಳು ಶಾಲೆಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆಂಬ ಅವರ ಭಯ ನನಗೆ ಅರ್ಥವಾಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ನಡುವೆ ಕಳೆದವನಿಗೆ ಇದು ಅರ್ಥವಾಗದಿದ್ದರೆ ಹೇಗೆ? ಆದರೆ ಒಬ್ಬರ ಮರ್ಯಾದೆ ಉಳಿಸಲು ಮತ್ತೊಬ್ಬರ ಉಸಿರನ್ನು ಒತ್ತೆಯಿಡುವ ಅಧಿಕಾರ ಯಾರಿಗೂ ಇಲ್ಲ. ಕೊಟ್ಟಿಗೆಗೆ ಒಡೆಯನಿದ್ದಾನೆ. ಅದರಿಂದ ಹೊರಬಿದ್ದ ಗಾಳಿಗೆ ಒಡೆಯನಿಲ್ಲ.

ತಡವಾಗಿ ಎಚ್ಚೆತ್ತವರ ಕ್ರಮ ಬಹಳ ಕಠೋರವಾಗಿರುತ್ತದೆ ಎಂಬುದು ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. 2009ರ ಡಿಸೆಂಬರಿನಲ್ಲಿ ಸೋಂಕಿದ ಫಾರಂಗಳ ಗಬ್ಬದ ಆಡುಗಳನ್ನೆಲ್ಲ ಕೊಲ್ಲಬೇಕೆಂದು ಸರ್ಕಾರ ಆಜ್ಞೆ ಮಾಡಿತು. 2010ರ ಮಧ್ಯದ ವೇಳೆಗೆ ಐವತ್ತು ಸಾವಿರಕ್ಕೂ ಹೆಚ್ಚು ಆಡುಗಳನ್ನು ಕೊಲ್ಲಲಾಯಿತು. ಅವುಗಳಲ್ಲಿ ಲಸಿಕೆ ಹಾಕಿಸಿಕೊಂಡವೂ ಇದ್ದವು. ಆಡಿಗೆ ಚುಚ್ಚುಮದ್ದು ನೀಡಿ ಸಮಾಧಾನಪಡಿಸಿ ನಂತರ ಕೊಂದರೆಂದು ಓದುವಾಗಲೂ, ಮರಿ ಹೊತ್ತ ಪ್ರಾಣಿಯ ಕಣ್ಣು ನೋಡಿ ಬೆಳೆದ ನಮ್ಮಂಥವರಿಗೆ ಮನಸ್ಸು ಹಿಂಡಿದಂತಾಗುತ್ತದೆ. ವಧೆ, ಲಸಿಕೆ, ಹಾಲಿನ ನಿಯಮಿತ ಪರೀಕ್ಷೆ ಇವೆಲ್ಲ ಸೇರಿ ಹಾವಳಿ ಇಳಿಯಿತು. 2010ರಲ್ಲಿ ಐನೂರರ ಆಸುಪಾಸಿಗೆ ಬಂದ ಪ್ರಕರಣಗಳು 2011ರಲ್ಲಿ ನೂರಕ್ಕಿಂತ ಕಡಿಮೆಯಾದವು. ಲಸಿಕೆಯ ಕ್ರಮವೊಂದನ್ನೇ ಎರಡು ವರ್ಷ ಮುಂಚೆ ಎಲ್ಲೆಡೆ ಜಾರಿಗೆ ತರಲು ಸಾಧ್ಯವಾಗಿದ್ದರೆ ಎಷ್ಟು ಜನ, ಎಷ್ಟು ಆಡುಗಳು ಉಳಿಯುತ್ತಿದ್ದವೋ ಎನಿಸುತ್ತದೆ.

ಹಾಲೆಂಡಿನವರ ಒಂದು ಗುಣವನ್ನು ಮೆಚ್ಚಲೇಬೇಕು. ಅವರು ವಿಚಾರಣೆಯಿಂದ ತಪ್ಪಿಸಿಕೊಳ್ಳಲಿಲ್ಲ. ವಾನ್ ಡೈಕ್ ಅವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿ 2010ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಸರ್ಕಾರ ನಿರ್ಧಾರಗಳನ್ನು ತಡವಾಗಿ ಕೈಗೊಂಡಿತು, ಪೂರ್ಣ ಪುರಾವೆ ದೊರೆಯುವವರೆಗೆ ಕಾಯುತ್ತ ಕುಳಿತದ್ದು ಸರಿಯಲ್ಲ, ಮನುಷ್ಯರ ಆರೋಗ್ಯದ ವಿಷಯದಲ್ಲಿ ಮುನ್ನೆಚ್ಚರಿಕೆಯೇ ಮೊದಲಾಗಬೇಕಿತ್ತು ಎಂಬುದು ಅದರ ಸಾರ. ಆದರೆ ರೋಗಿಗಳ ಕಥೆ ವರದಿಯೊಂದಿಗೆ ಮುಗಿಯಲಿಲ್ಲ. ಸೋಂಕಿದ ಕೆಲವರಲ್ಲಿ ಅದು ವರ್ಷಗಳ ನಂತರ ಹೃದಯದ ಕವಾಟದಲ್ಲಿಯೋ ದೊಡ್ಡ ರಕ್ತನಾಳದಲ್ಲಿಯೋ ಮರಳಿ ಕಾಣಿಸಿಕೊಂಡಿತು. ಇನ್ನು ಕೆಲವರಿಗೆ ಜ್ವರ ಬಿಟ್ಟರೂ ವರ್ಷಗಟ್ಟಲೆ ಬಿಡದ ಬಳಲಿಕೆ ಉಳಿಯಿತು. ಮೆಟ್ಟಿಲು ಹತ್ತಲಾರದವರು, ಉದ್ಯೋಗ ಬಿಟ್ಟವರು ಇದ್ದಾರೆ. 2018ರ ವೇಳೆಗೆ ಕನಿಷ್ಠ 74 ಸಾವುಗಳನ್ನು ಈ ಹಾವಳಿಯ ಲೆಕ್ಕಕ್ಕೆ ಸೇರಿಸಲಾಗಿತ್ತು, ನಂತರ ಆ ಸಂಖ್ಯೆ ಮತ್ತೂ ಏರಿತು. ಅದೇ ವರ್ಷ ಸರ್ಕಾರ, ದೀರ್ಘಕಾಲ ಬಳಲಿದ ರೋಗಿಗಳಿಗೆ ತಲಾ 15,000 ಯೂರೋ ಕೊಡಲು ಒಪ್ಪಿತು.

ಮುಂದೆ ನಡೆದ ಒಂದು ಸಂಶೋಧನೆ ಇನ್ನೂ ಕುತೂಹಲಕರ. ಪಶುಸಾಕಣೆಯ ಸುತ್ತಮುತ್ತ ವಾಸಿಸುವವರ ಆರೋಗ್ಯವನ್ನು ಕುರಿತು ಅಲ್ಲಿ ದೊಡ್ಡ ಅಧ್ಯಯನವೊಂದು ನಡೆದು, 2016ರಲ್ಲಿ ಅದರ ವರದಿ ಬಂತು. ಫಾರಂಗಳ ಬಳಿ ಇರುವವರಲ್ಲಿ ಅಲರ್ಜಿ ಹಾಗೂ ಉಬ್ಬಸ ಕಡಿಮೆ ಎಂಬ ಒಳ್ಳೆಯ ಸುದ್ದಿಯೂ ಅದರಲ್ಲಿತ್ತು. ಗಾಳಿಯಲ್ಲಿ ಅಮೋನಿಯಾ ಹೆಚ್ಚಿದ ದಿನಗಳಲ್ಲಿ ಶ್ವಾಸಕೋಶದ ಶಕ್ತಿ ಕುಗ್ಗುತ್ತದೆ ಎಂಬ ಕೆಟ್ಟ ಸುದ್ದಿಯೂ ಇತ್ತು. ಕೋಳಿ ಫಾರಂ ಮತ್ತು ಆಡಿನ ಫಾರಂಗಳ ಬಳಿ ನ್ಯುಮೋನಿಯಾ ಹೆಚ್ಚಾಗಿರುವುದೂ ಕಂಡಿತು. ಕೋಳಿಯ ವಿಷಯದಲ್ಲಿ, ಗೊಬ್ಬರ ಮತ್ತು ಪುಕ್ಕದ ಸೂಕ್ಷ್ಮ ಧೂಳೂ ಅದರೊಡನೆ ಬರುವ ಸೂಕ್ಷ್ಮಾಣುಗಳ ವಿಷಾಂಶವೂ ಕಾರಣವಿರಬಹುದೆಂದು ಭಾವಿಸಲಾಯಿತು. ಆಡಿನ ವಿಷಯದಲ್ಲಿ ಮಾತ್ರ ಒಗಟು ಉಳಿಯಿತು. ಕ್ಯೂ ಜ್ವರ ಅಡಗಿ ವರ್ಷಗಳಾದ ಮೇಲೂ ಆ ಹೆಚ್ಚಳ ಮುಂದುವರಿದಿತ್ತು. ನಂತರದ ಅಧ್ಯಯನಗಳೂ ಅದನ್ನೇ ಕಂಡವು, ಆದರೆ ಒಂದೇ ಒಂದು ಸೂಕ್ಷ್ಮಾಣುವಿನ ಮೇಲೆ ಹೊಣೆ ಹೊರಿಸಲು ಆಗಲಿಲ್ಲ. ಈ ಬಾರಿ ಸರ್ಕಾರಗಳು ಉತ್ತರಕ್ಕಾಗಿ ಕಾಯಲಿಲ್ಲ. 2017ರಿಂದ ನೋರ್ಡ್ ಬ್ರಬಾಂಟ್ ಮೊದಲಾಗಿ ಹೆಚ್ಚಿನ ಪ್ರಾಂತ್ಯಗಳು ಹೊಸ ಆಡಿನ ಫಾರಂಗಳಿಗೂ ಇರುವವುಗಳ ವಿಸ್ತರಣೆಗೂ ತಡೆ ಹಾಕಿದವು. ಮನೆ ಹುಡುಕುವವರಿಗೆ ಅಲ್ಲಿನ ಹಿರಿಯರು ಹೇಳುವ ಬುದ್ಧಿಮಾತಿನ ಹಿಂದೆ ಇಷ್ಟು ಚರಿತ್ರೆ ಇದೆ.

ನಮ್ಮ ನಾಡಿನಲ್ಲಿ ಆಡು ಕುರಿ ಸಾಕುವ ಬಂಧುಗಳು ಇದನ್ನೋದಿ ಭಯಪಡಬೇಕಾಗಿಲ್ಲ. ಬಯಲಿನಲ್ಲಿ ಮೇಯುವ ಸಣ್ಣ ಮಂದೆ, ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುವ ನಮ್ಮ ಪದ್ಧತಿ, ಸಾವಿರಾರು ಪ್ರಾಣಿಗಳನ್ನು ಒಂದೆಡೆ ಕೂಡುವ ಆ ಪದ್ಧತಿಯಂತಲ್ಲ. ಆದರೆ ಈ ಸೂಕ್ಷ್ಮಾಣು ಭಾರತದ ಆಡು, ಕುರಿ, ದನಗಳಲ್ಲಿಯೂ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಮ್ಮ ಊರುಗಳ ಅಂಚಿನಲ್ಲಿಯೂ ಈಗ ದೊಡ್ಡ ಕೋಳಿ ಫಾರಂಗಳು ಎದ್ದಿವೆ. ಆದ್ದರಿಂದ ನಾಲ್ಕು ಮಾತು: ಆಡು ಕುರಿ ಕಂದು ಹಾಕಿದರೆ ಪಶುವೈದ್ಯರಿಗೆ ತಿಳಿಸಿ. ಮಾಸನ್ನು ತಿಪ್ಪೆಗೆ ಎಸೆಯದೆ, ನಾಯಿಗೆ ಹಾಕದೆ ಆಳವಾಗಿ ಹೂಳಿ. ಈಯಿಸುವ ಕೆಲಸಕ್ಕೆ ಗರ್ಭಿಣಿಯರನ್ನೂ ಹೃದಯದ ತೊಂದರೆಯಿದ್ದವರನ್ನೂ ಹಚ್ಚಬೇಡಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಒಣಗೊಬ್ಬರ ಎತ್ತುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ವಾರಗಟ್ಟಲೆ ಬಿಡದ ಜ್ವರಕ್ಕೆ ವೈದ್ಯರ ಬಳಿ ಹೋದಾಗ, ಮನೆಯಲ್ಲಿ ಆಡು ಕುರಿ ಇವೆ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧಕ್ಕೆ ಈ ಜ್ವರ ಸಾಮಾನ್ಯವಾಗಿ ಬಗ್ಗುತ್ತದೆ. ವೈದ್ಯರಿಗೆ ಅದು ಹೊಳೆಯಬೇಕಷ್ಟೆ.

ನೀವು ಸಾಕಿದ ಪ್ರಾಣಿಗೆ ಕಾಯಿಲೆ ಬಂದರೆ ಅದನ್ನು ನೆರೆಯವರಿಂದ ಮುಚ್ಚಿಡಬೇಡಿ. ನೆರೆಯವರ ಪ್ರಾಣಿಗೆ ಬಂದರೆ ಅವರನ್ನು ಹೀಯಾಳಿಸಬೇಡಿ. ಎರಡನೆಯದು ನಿಂತರೆ ಮಾತ್ರ ಮೊದಲನೆಯದು ಸಾಧ್ಯವಾಗುತ್ತದೆ. ಹೆರ್ಪೆನ್ ಗ್ರಾಮದ ಜನ ಅಷ್ಟು ಬೆಲೆ ತೆತ್ತು ಕಲಿತದ್ದು ಇದನ್ನೇ ಎಂದು ನಾನು ತಿಳಿದಿದ್ದೇನೆ.